ತೌವು ಹೇಳಿದ ನಿಜ

ಸ್ಟುಡಿಯೋದವನು ಒಂದು ಹಾಡಿಗೆ ಕೇಳಿದ್ದು ಮುನ್ನೂರು ಡಾಲರ್. ಆರು ಹಾಡಿಗೆ ಸಾವಿರದ ಎಂಟುನೂರು. ಐದು ಹೆಂಗಸರು ಸೇರಿ ಒಟ್ಟು ಮಾಡಿದ್ದು ಸಾವಿರದ ಇನ್ನೂರು. ಹಾಗಾಗಿ ಮನೆಯಲ್ಲೇ ರೆಕಾರ್ಡ್ ಮಾಡಿಕೊಳ್ಳುವುದು ಎಂದಾಯಿತು. ಮೈಕಿಗೂ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಗೂ ಮುನ್ನೂರು ಎತ್ತಿಟ್ಟರೆ ಲ್ಯಾಪ್‌ಟಾಪಿಗೆ ಉಳಿಯುವುದು ಒಂಬೈನೂರು. ಅಂಗಡಿಯ ಮೇಜಿನ ಮೇಲೆ ಎರಡಿದ್ದವು. ಬೆಳ್ಳಿ ಬಣ್ಣದ ಹೊಸದಕ್ಕೆ ಎಂಟುನೂರ ತೊಂಬತ್ತೊಂಬತ್ತು. ಯಾವುದೋ ಕಚೇರಿಯಲ್ಲಿ ದುಡಿದು ಬಂದ, ಮೂಲೆ ಒಡೆದ ದಪ್ಪನೆಯ ಕಪ್ಪು ಯಂತ್ರಕ್ಕೆ ಎಂಟುನೂರ ಐವತ್ತು.

ಐವರ ಪರವಾಗಿ ಬಂದಿದ್ದ ತಾರೈವಿನಿ ಎರಡನ್ನೂ ಮುಟ್ಟಿ ನೋಡುತ್ತಿರುವಾಗಲೇ ಮಾರುವ ಹುಡುಗ ಕಾಲಿಯೋವಾ ಅವಳ ಊರು ಕೇಳಿದ. ಅವಳು ಹೇಳಿದಳು. ಅವನ ಮುಖ ಅರಳಿತು.

"ಅಯ್ಯೋ, ಬಾಗಿಲು ಹಾಕ್ರಪ್ಪೋ! ಕಳ್ಳರ ಊರಿನೋಳು ಬಂದಿದ್ದಾಳೆ!"

ಅವನ ಊರಿನ ಹೆಸರು ಕೇಳಿದ ಮೇಲೆ ತಾರೈವಿನಿಯೂ ನಕ್ಕಳು. ಎರಡೂ ಊರಿನವರು ಪರಸ್ಪರ ತೌವು. ಒಂದೇ ಮೂಲದೇವರಿಂದ ಹುಟ್ಟಿದವರು. ನಮ್ಮ ದ್ವೀಪಗಳಲ್ಲಿ ತೌವುಗಳು ಎದುರಾದರೆ ಬೈದುಕೊಳ್ಳಬೇಕು, ಮೋಸ ಮಾಡಿ ನಗಬೇಕು. ಮೋಸ ಹೋದವರೂ ನಗಬೇಕು. ಸಿಟ್ಟು ಮಾಡಿಕೊಂಡವರು ಊರಿನ ಮಾನ ಕಳೆದಂತೆ.

"ಏನಕ್ಕೆ ಬೇಕು ನಿನಗೆ ಇದು? ಮರಗೆಣಸು ಹೆಚ್ಚೋಕಾ?"

"ಹಾಡು ರೆಕಾರ್ಡ್ ಮಾಡೋಕೆ ಕಣೋ, ಏಡಿಮೂತಿ. ಐದು ದನಿ, ಒಂದರ ಮೇಲೊಂದು."

ಐವರೂ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ತೋಳು ಹೊಲಿಯುವವರು. ಇಬ್ಬರಿಗೆ ಬೆಳಗಿನ ಪಾಳಿ, ಮೂವರಿಗೆ ಮಧ್ಯಾಹ್ನದ್ದು. ಒಟ್ಟಿಗೆ ಸಿಗುವುದು ಭಾನುವಾರ ಮಾತ್ರ, ಭಾನುವಾರ ಕೀರ್ತನೆ ಬಿಟ್ಟು ಬೇರೆ ಹಾಡಿದರೆ ಪಾದ್ರಿ ಎಲ್ಲರೆದುರು ಹೆಸರು ಹಿಡಿದು ಬೈಯುತ್ತಾರೆ. ಹಾಗಾಗಿ ಒಬ್ಬೊಬ್ಬರ ದನಿಯನ್ನು ಬೇರೆ ಬೇರೆ ಹಿಡಿದು ಜೋಡಿಸಬೇಕು. ಸಿಂಗತೋಕಾ ಕಡೆಯ ಕಡಲತೀರದ ಪ್ರವಾಸಿ ಹೋಟೆಲೊಂದಕ್ಕೆ ವಾರದಲ್ಲಿ ಮೂರು ಸಂಜೆ ಹಾಡುವ ತಂಡ ಬೇಕಿತ್ತು. ಫೋನಿನಲ್ಲಿ ಹಿಡಿದು ಕಳಿಸಿದ ಹಾಡಿನಲ್ಲಿ ನಾಯಿ ಬೊಗಳುವುದೇ ಹೆಚ್ಚು ಕೇಳುತ್ತದೆ ಎಂದು ಹೋಟೆಲಿನವರು ತಿರುಗಿ ಬರೆದಿದ್ದರು. ಮುಂದಿನ ಶುಕ್ರವಾರದೊಳಗೆ ಆರು ಹಾಡು ಕಳಿಸಿದರೆ ಕೆಲಸ. ಆ ಕೆಲಸ ಸಿಕ್ಕರೆ ಐವರೂ ತೋಳು ಹೊಲಿಯುವುದನ್ನು ಬಿಡಬಹುದು.

ಕಾಲಿಯೋವಾ ಕಪ್ಪು ಯಂತ್ರದ ಬೆನ್ನು ತಟ್ಟಿದ. "ಹಾಗಾದ್ರೆ ಇದನ್ನ ತಗೊ. ನಿನ್ನ ಹಾಗೇ ಹಳೇದು, ದಪ್ಪ, ಮೂತಿ ಒಡೆದಿದೆ. ಆದ್ರೆ ದುಡಿಯತ್ತೆ."

"ಈ ಬೆಳ್ಳೀದು?"

"ನಿಮ್ಮೂರ ಗಂಡಸರ ಥರ. ಹೊರಗೆ ಥಳಕು, ಎರಡು ಕೆಲಸ ಒಟ್ಟಿಗೆ ಕೊಟ್ರೆ ಮಲಕ್ಕೊಳ್ಳತ್ತೆ. ಐದು ದನಿ ಹೊರಿಸಿದ್ರೆ ಹೆಣಾನೇ."

ಸುತ್ತ ನಿಂತಿದ್ದ ಗಿರಾಕಿಗಳೆಲ್ಲ ನಕ್ಕರು. ತಾರೈವಿನಿ ಯೋಚಿಸಿದಳು. ಒಡೆದ ಹಳೆಯ ಡಬ್ಬಿಯನ್ನು ತೌವಿನ ತಲೆಗೆ ಕಟ್ಟಿ ಕಳಿಸುವುದು, ಆಮೇಲೆ ವರ್ಷಗಟ್ಟಲೆ ಆ ಕಥೆ ಹೇಳಿ ನಗುವುದು, ಅವಳ ಊರಿನವರೂ ಮಾಡುವ ಆಟವೇ. ಆದರೂ ಸಂಶಯ ಬಂತು. ಅವನ ಹತ್ತಿರ ಸರಿದು ದನಿ ತಗ್ಗಿಸಿದಳು.

"ಆಟ ಸಾಕು. ದೇವರಾಣೆ ಹೇಳು, ಯಾವುದು?"

ಮ್ಯಾನೇಜರ್ ಹಿಂದೆಯೇ ನಿಂತಿದ್ದ. ಆ ವಾರ ಬೆಳ್ಳಿ ಬಣ್ಣದವು ಹತ್ತು ಮಾರಿಹೋಗಬೇಕೆಂದು ಬೆಳಿಗ್ಗೆಯಷ್ಟೇ ಹೇಳಿದ್ದ. ಕಾಲಿಯೋವಾ ಒಮ್ಮೆ ಅವನ ಕಡೆ, ಒಮ್ಮೆ ನಗಲು ಕಾಯುತ್ತಿದ್ದ ಜನರ ಕಡೆ ನೋಡಿದ.

"ದೇವರಾಣೆಗೂ ಕಪ್ಪುದೇ," ಎಂದು ಜನರ ಕಡೆ ತಿರುಗಿ ಕಣ್ಣು ಹೊಡೆದ.

ಅದೂ ಆಟವೇ ಅಂದುಕೊಂಡು ತಾರೈವಿನಿ ಬೆಳ್ಳಿ ಬಣ್ಣದ್ದನ್ನು ಕೊಂಡಳು. ಚೀಟಿ ಬರೆಯುವಾಗ ಕಾಲಿಯೋವಾ ತಲೆಯೆತ್ತಲಿಲ್ಲ. ಹೇಳುವುದನ್ನು ಹೇಳಿಯಾಗಿದೆ ಎಂದು ಅವನ ಮನಸ್ಸಿಗೆ ಹಗುರವೇ ಆಗಿತ್ತು.

ಸೋಮವಾರ ರಾತ್ರಿ ಐವರಲ್ಲಿ ಹಿರಿಯಳಾದ ಅಸಿನಾತೆ ಪಾಳಿ ಮುಗಿಸಿ ತಾರೈವಿನಿಯ ಮನೆಗೆ ಬಂದು ಕೆಳಗಿನ ದನಿ ಹಾಡಿದಳು. ಕಿಟಕಿಗೆ ಚಾಪೆ ಕಟ್ಟಿ, ಫ್ಯಾನು ಆರಿಸಿ, ಬೆವರುತ್ತಾ ಆರೂ ಹಾಡು ಮುಗಿಸಿದಳು. ಚೆನ್ನಾಗಿ ಬಂತು. ಮಂಗಳವಾರ ಎರಡನೆಯ ದನಿ ಸೇರಿತು. ಬುಧವಾರ ಬೆಳಿಗ್ಗೆ ತಾರೈವಿನಿ ತನ್ನ ದನಿ ಸೇರಿಸಿದಾಗ ಯಂತ್ರ ತೊದಲಿತು. ಹಾಡು ಎರಡು ಸಾಲು ಓಡಿ, ನಿಂತು, ಮತ್ತೆ ಹರಿದುಹರಿದು ಓಡಿತು. ಕೊನೆಗೆ ಪರದೆ ಹೆಪ್ಪುಗಟ್ಟಿತು. ಬೇರೆಲ್ಲವನ್ನೂ ಮುಚ್ಚಿ ನೋಡಿದಳು. ಆರಿಸಿ ಹಚ್ಚಿದಳು. ಮೂರನೆಯ ದನಿ ಸೇರಿದ ಕೂಡಲೇ ಅದೇ ತೊದಲು.

ಪಾಳಿ ಮುಗಿದ ಮೇಲೆ ರಾತ್ರಿ ಅಸಿನಾತೆ ಬಂದು ಹಾಡು ಕೇಳಿಸಿಕೊಂಡಳು. "ನನಗೆ ಉಬ್ಬಸ ಹಿಡಿದ ಹಾಗಿದೆಯಲ್ಲೇ ತಾರಾ. ಅಂಗಡಿಯೋನು ಏನೂ ಹೇಳಲಿಲ್ವಾ?"

"ಹೇಳಿದ್ದ."

"ಏನಂತ?"

"ಹೆಣ ಅಂದಿದ್ದ, ಅಕ್ಕಾ. ಅವನು ನಮ್ಮ ತೌವು."

ಅಸಿನಾತೆ ಅವಳನ್ನೇ ನೋಡಿದಳು. "ಇನ್ನೂರ ನಲವತ್ತು ಡಾಲರ್ ಕೊಟ್ಟಿದ್ದೀನಿ ನಾನು. ನನಗೇನೂ ಅವನು ತೌವಲ್ಲ."

ಗುರುವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ತಾರೈವಿನಿ ಬಾಗಿಲಲ್ಲಿದ್ದಳು. ಕಾಲಿಯೋವಾ ದೂರದಿಂದಲೇ ಕೈ ಬೀಸಿದ.

"ಬಂತಪ್ಪಾ ಹೆಣ! ಮಣ್ಣು ಮಾಡೋಕೆ ಇಲ್ಲಿಗ್ಯಾಕೆ ತಂದೆ? ಹೇಳಿರಲಿಲ್ವಾ ನಾನು?"

ಬೆಳಗಿನ ಗಿರಾಕಿಗಳು ತಿರುಗಿ ನೋಡಿದರು. ಅವನು ಅವರಿಗೆಲ್ಲ ಕಥೆ ಹೇಳಿದ. ದೇವರಾಣೆ ಮಾಡಿದರೂ ನಂಬದ ತೌವಿನ ಕಥೆ. ಅವರು ಹೊಟ್ಟೆ ಹಿಡಿದು ನಕ್ಕರು.

"ಬದಲಾಯಿಸಿ ಕೊಡೋ. ಆ ಕಪ್ಪುದನ್ನೇ ಕೊಡು."

"ಅದು ನಿನ್ನೆ ಹೋಯ್ತು. ನಿನಗಿಂತ ಜಾಣ ಒಬ್ಬ ಬಂದಿದ್ದ. ಪೆಟ್ಟಿಗೆ ಬಿಚ್ಚಿದ ಮಾಲನ್ನ ವಾಪಸ್ ತಗೊಳ್ಳಲ್ಲ, ಚೀಟಿ ಹಿಂದೆ ಬರೆದಿದೆ ನೋಡು."

"ಆಟ ಅಲ್ಲ ಕಣೋ ಇದು. ನಾಳೆ ಕಳಿಸಬೇಕು. ಐದು ಜನರ ಕೆಲಸ. ಹಣನಾದ್ರೂ ಕೊಡು, ಸ್ಟುಡಿಯೋಗೆ ಹೋಗ್ತೀನಿ, ಮೂರು ಹಾಡಾದ್ರೂ ಆಗತ್ತೆ."

"ನೋಡ್ರಪ್ಪಾ, ಕಣ್ಣಲ್ಲಿ ನೀರು ಬೇರೆ ತರಿಸ್ತಾಳೆ! ಎಂಥ ನಟನೆ ಇವಳದು!"

ತಾರೈವಿನಿಗೆ ಬೇರೆ ದಾರಿ ತೋಚಲಿಲ್ಲ. ಅಂಗಡಿಯ ನೆಲದ ಮೇಲೆ ಕೂತಳು. ಹಿರಿಯರ ಮುಂದೆ, ಸಾವಿನ ಮನೆಯಲ್ಲಿ, ತಪ್ಪೊಪ್ಪಿಕೊಳ್ಳುವಾಗ ಮಾತ್ರ ಮಾಡುವಂತೆ ಎರಡೂ ಅಂಗೈ ಬೊಗಸೆ ಮಾಡಿ ಮೆಲ್ಲಗೆ ಮೂರು ಸಲ ತಟ್ಟಿದಳು. ನಮ್ಮಲ್ಲಿ ಆ ಸದ್ದು ಕೇಳಿದರೆ ಎಂಥ ಗಲಾಟೆಯೂ ನಿಲ್ಲುತ್ತದೆ.

ಒಂದು ಗಳಿಗೆ ನಿಂತಿತು. ಕಾಲಿಯೋವಾನ ಮುಖದಲ್ಲಿ ನಗು ಆರಿತು. ಅವನು ಮ್ಯಾನೇಜರನ ಕಡೆ ನೋಡಿದ. ಮ್ಯಾನೇಜರ್ ಇಲ್ಲವೆಂದು ತಲೆಯಾಡಿಸಿದ. ಆಗ ಕಾಲಿಯೋವಾ ಅವಳ ಎದುರು ದೊಪ್ಪನೆ ಕೂತು, ಕಣ್ಣು ಮೇಲೆ ಮಾಡಿ, ತಾನೂ ಬೊಗಸೆ ಕೈ ತಟ್ಟಿ, ಪಾದ್ರಿಯ ದನಿಯಲ್ಲಿ, "ಈ ಹೆಣದ ಆತ್ಮಕ್ಕೆ ಶಾಂತಿ ಸಿಗಲಿ" ಎಂದ.

ಅಂಗಡಿಯೇ ಬಿದ್ದುಹೋಗುವಂತೆ ನಕ್ಕಿತು. ಮುದುಕನೊಬ್ಬ ಗೋಡೆ ಹಿಡಿದು ಕೆಮ್ಮಿದ. ತೌವಿನ ಮುಂದೆ ಕೂತು ತೌವು ಕೈ ತಟ್ಟಿದ್ದನ್ನು ಅವರಾರೂ ಕಂಡಿರಲಿಲ್ಲ. ಎಲ್ಲರೂ ಈಗ ಅವಳ ಮುಖ ನೋಡುತ್ತಿದ್ದರು. ತಾರೈವಿನಿ ಬಾಯಿ ತೆರೆದು ನಕ್ಕಳು. "ಗೆದ್ದೆ ಕಣೋ, ಏಡಿಮೂತಿ," ಎಂದಳು. ಎದ್ದು, ಉಟ್ಟ ಬಟ್ಟೆ ಕೊಡವಿ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ನಡೆದಳು.

ಹೋಟೆಲಿನವರು ಬೇರೆ ತಂಡವನ್ನು ತೆಗೆದುಕೊಂಡರು. ಐವರೂ ಇನ್ನೂ ತೋಳು ಹೊಲಿಯುತ್ತಾರೆ. ನಾಲ್ವರು ತಾರೈವಿನಿಯ ಮನೆಗೆ ಬರುವುದನ್ನು ಬಿಟ್ಟಿದ್ದಾರೆ. ಲ್ಯಾಪ್‌ಟಾಪ್ ಅವಳಲ್ಲೇ ಇದೆ. ಒಬ್ಬರೇ ಹಾಡಿದರೆ ಅದು ಚೆನ್ನಾಗಿ ಹಿಡಿಯುತ್ತದೆ.