ಕಸ್ತೂರಿಯನ್ನು ಯಾರೂ ಮುಟ್ಟಬಾರದು

ನಾನು ಒಂದು ಹೆಣ್ಣು ಕುದುರೆ. ಮೈ ಹುರಿದ ಕಾಫಿ ಬೀಜದ ಬಣ್ಣ, ಹಣೆಯ ಮೇಲೆ ಹೆಬ್ಬೆರಳಿನಷ್ಟು ಬಿಳಿ ಚುಕ್ಕೆ. ತುಮಕೂರಿನ ಕಡೆ ಕುದುರೆ ಸಾಕುವ ಒಂದು ತೋಟದಲ್ಲಿ, ಚಳಿಗಾಲದ ಒಂದು ಬೆಳಗಿನ ಜಾವ ನಾನು ಹುಟ್ಟಿದೆ. ಕುದುರೆಯ ಮರಿಗೆ ಮಲಗಿ ಸುಖಪಡುವ ಪುಣ್ಯವಿಲ್ಲ. ಹುಟ್ಟಿದ ಸ್ವಲ್ಪ ಹೊತ್ತಿಗೇ ಎದ್ದು ನಿಲ್ಲಬೇಕು. ನಾನು ಎದ್ದೆ, ಬಿದ್ದೆ, ಮತ್ತೆ ಎದ್ದೆ. ಅಮ್ಮ ನನ್ನ ಬೆನ್ನನ್ನು ನೆಕ್ಕಿ ಒಣಗಿಸಿದಳು.

ನನ್ನ ತಾಯಿ ತಂದೆ ಇಬ್ಬರೂ ಓಟದ ಕುದುರೆಗಳು. ಹಾಗಾಗಿ ನನಗೂ ಬಾಯಿ ತುಂಬುವಂಥ ಒಂದು ಇಂಗ್ಲಿಷ್ ಹೆಸರಿಟ್ಟು ರೇಸಿಗೆ ಬಿಟ್ಟರು. ಹೆಸರಿಗೆ ತಕ್ಕ ಕಾಲು ನನಗಿರಲಿಲ್ಲ. ನಾಲ್ಕಾರು ಸಲ ಓಡಿ, ಮುಂದಿನವರು ಎಬ್ಬಿಸಿದ ಧೂಳು ಕುಡಿದು ಬಂದೆ. ಆಮೇಲೆ ನನ್ನನ್ನು ಮೈಸೂರಿನ ಒಂದು ಸವಾರಿ ಶಾಲೆಗೆ ಮಾರಿದರು. ಅಲ್ಲಿ ದಿನಕ್ಕೊಬ್ಬರು ನನ್ನ ಮೇಲೆ ಹತ್ತುತ್ತಿದ್ದರು. ಲಗಾಮನ್ನು ಬಸ್ಸಿನ ಕಂಬಿ ಹಿಡಿದಂತೆ ಹಿಡಿಯುವವರು, ಹೆದರಿ ನನ್ನ ಕುತ್ತಿಗೆಯ ಕೂದಲನ್ನು ಜಗ್ಗುವವರು, ಎಲ್ಲರನ್ನೂ ಹೊತ್ತೆ.

ನಳಿನಾಕ್ಷಿ ಮೇಡಂ ಬಂದದ್ದು ಆ ಶಾಲೆಗೇ. ಮಹಿಳಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ಅವರಿಗೆ ಆಗಲೇ ನಲವತ್ತು ದಾಟಿತ್ತು. ಮೊದಲ ದಿನ ಅವರು ನನ್ನ ಮೇಲೆ ಹತ್ತಲಿಲ್ಲ. ಪಕ್ಕದಲ್ಲಿ ನಿಂತು, "ನನಗೂ ಭಯ, ನಿನಗೂ ಬೇಜಾರು. ಇವತ್ತು ಸುಮ್ಮನೆ ನಿಂತಿರೋಣ," ಎಂದರು. ನನ್ನ ಮೇಲೆ ಸವಾರಿ ಮಾಡಿದ ಅಷ್ಟು ಜನರಲ್ಲಿ ನನ್ನ ಬೇಜಾರಿನ ಸುದ್ದಿ ಎತ್ತಿದವರು ಅವರೊಬ್ಬರೇ. ಮುಂದೆ ಆ ಶಾಲೆ ಮುಚ್ಚಿದಾಗ ಅವರೇ ನನ್ನನ್ನು ಕೊಂಡುಕೊಂಡು ಕಸ್ತೂರಿ ಎಂದು ಹೆಸರಿಟ್ಟರು. ಸಾಕಲು ಅವರ ಮನೆಯಲ್ಲಿ ಜಾಗವಿರಲಿಲ್ಲ. ಅದಕ್ಕೆ ನರಸೀಪುರದ ರಸ್ತೆಯಲ್ಲಿದ್ದ ಅಮ್ಮಣ್ಣಿಯವರ ಲಾಯಕ್ಕೆ ತಂದು ಬಿಟ್ಟರು.

ಅದು ಬೇರೆ ಬೇರೆಯವರ ಕುದುರೆಗಳನ್ನು ಒಂದೇ ಕಡೆ ಇಟ್ಟು ನೋಡಿಕೊಳ್ಳುವ ಲಾಯ. ಒಡತಿಯ ಪೂರ್ತಿ ಹೆಸರು ಲೀಲಾಜಮ್ಮಣ್ಣಿ. ಅರಸು ಮನೆತನದವರು, ತಲೆತಲಾಂತರದಿಂದ ಕುದುರೆಯ ಸಹವಾಸ. ಎತ್ತರದ ಆಳು, ಹತ್ತಿಯ ಸೀರೆ, ಕಾಲಿಗೆ ಗಂಡಸರ ಬೂಟು. ಅವರು ದನಿ ಏರಿಸಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಕೆಲಸದ ಜವರಪ್ಪ ಹುಲ್ಲು ಹಾಕುತ್ತಿದ್ದ, ಮೈ ಉಜ್ಜುತ್ತಿದ್ದ. ಕುದುರೆಗಳ ಧಣಿಗಳು ಬೆಳಿಗ್ಗೆ ಇಲ್ಲವೇ ಸಂಜೆ ಬಂದು ಸವಾರಿ ಮಾಡಿ ಹೋಗುತ್ತಿದ್ದರು.

ನನ್ನ ಪಕ್ಕದ ಕೋಣೆಯಲ್ಲಿ ರಾಣಾ ಎಂಬ ದೊಡ್ಡ ಬೂದು ಕುದುರೆಯಿತ್ತು. ಅದರ ಧಣಿ ಉತ್ತಯ್ಯನವರು, ಸೈನ್ಯದಲ್ಲಿ ಕುದುರೆಗಳ ಜೊತೆಯೇ ಇದ್ದು ಸುಬೇದಾರರಾಗಿ ನಿವೃತ್ತರಾದ ಕೊಡಗಿನವರು. ಮೀಸೆ ನೆಟ್ಟಗೆ, ಮಾತೂ ನೆಟ್ಟಗೆ. ಮೊದಲ ವರ್ಷ ನಳಿನಾಕ್ಷಿ ಮೇಡಂಗೆ ಜೀನಿನ ಪಟ್ಟಿ ಬಿಗಿಯುವುದನ್ನು ಸರಿಯಾಗಿ ಹೇಳಿಕೊಟ್ಟವರೇ ಅವರು. ಇಬ್ಬರೂ ಒಟ್ಟಿಗೆ ಕೆರೆ ಏರಿಯ ಮೇಲೆ ಸವಾರಿ ಹೋಗುತ್ತಿದ್ದರು. ರಾಣಾ ಮುಂದೆ, ನಾನು ಹಿಂದೆ.

ಅದೆಲ್ಲ ಕೆಟ್ಟದ್ದು ಒಂದು ಬೇಸಿಗೆಯ ಬೆಳಿಗ್ಗೆ.

ನಮ್ಮನ್ನು ಬಿಡುತ್ತಿದ್ದದ್ದು ಬೇಲಿ ಹಾಕಿದ ಎರಡು ಬಯಲುಗಳಲ್ಲಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ರಾಣಾ, ನಡುವೆ ಒಂದು ಗೇಟು. ಆ ದಿನ ರಾಣಾನನ್ನು ಒಳಗೆ ಬಿಟ್ಟು ಉತ್ತಯ್ಯನವರು ಗೇಟಿನ ಚಿಲಕ ಹಾಕಿ ಹೋದರು. ಅವರು ಹಾಕಿದ್ದನ್ನು ನಾನು ನೋಡಿದ್ದೇನೆ. ಅವರು ಮರೆಯಾದ ಮೇಲೆ ರಾಣಾ ಗೇಟಿನ ಹತ್ತಿರ ಬಂದು, ಮೇಲ್ತುಟಿಯಿಂದ ಚಿಲಕವನ್ನು ಮೆಲ್ಲಗೆ ಎತ್ತಿ, ಎದೆಯಿಂದ ಗೇಟನ್ನು ತಳ್ಳಿಕೊಂಡು ನನ್ನ ಬಯಲಿಗೆ ಬಂದ. ಅವನದು ಕೆಟ್ಟ ಬುದ್ಧಿಯಲ್ಲ, ಅವನಿಗೆ ಜೊತೆ ಬೇಕಿತ್ತು. ಅಷ್ಟು ದೊಡ್ಡ ಪ್ರಾಣಿ ಹತ್ತಿರ ಬಂದರೆ ಯಾರಾದರೂ ಹಿಂದೆ ಸರಿಯುತ್ತಾರೆ. ನಾನೂ ನೀರಿನ ತೊಟ್ಟಿಯ ಕಡೆ ಸರಿದೆ. ಅಲ್ಲಿ ಬೇಲಿಗೆ ಹೊಡೆದಿದ್ದ ತಗಡಿನ ಮೂಲೆ ಮಡಚಿಕೊಂಡು ಹೊರಗೆ ಚಾಚಿತ್ತು. ಹಿಂಗಾಲು ಸೀಳಿತು. ರಕ್ತ ಗೊರಸಿನವರೆಗೆ ಇಳಿಯಿತು.

ನಳಿನಾಕ್ಷಿ ಮೇಡಂ ಬಂದಾಗ ಕಂಡದ್ದು ಮೂರು ಸಂಗತಿ. ತೆರೆದ ಗೇಟು, ನನ್ನ ಕಾಲಿನ ರಕ್ತ, ಪಕ್ಕದಲ್ಲೇ ರಾಣಾ.

"ಗೇಟು ಹಾಕದೆ ಹೋಗಿದ್ದೀರಿ. ನಿಮ್ಮ ಕುದುರೆ ಒದ್ದು ಇವಳ ಕಾಲು ಸೀಳಿದೆ," ಎಂದರು ಉತ್ತಯ್ಯನವರಿಗೆ.

"ನಾನು ಚಿಲಕ ಹಾಕಿದ್ದೇನೆ ಮೇಡಂ."

"ಹಾಕಿದ್ರೆ ತಾನಾಗೇ ತೆಗೆದುಕೊಳ್ತಾ?"

"ನನ್ನ ಸರ್ವಿಸಿನಲ್ಲಿ ಒಂದು ದಿನ ಗೇಟು ತೆರೆದು ಬಿಟ್ಟವನಲ್ಲ ನಾನು. ಹಾಕಿದ್ದೇನೆ ಅಂದರೆ ಹಾಕಿದ್ದೇನೆ. ನನ್ನ ಕುದುರೆ ಒದ್ದದ್ದನ್ನು ನೀವು ನೋಡಿದಿರಾ?"

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ನಿಜ ಗೊತ್ತಿದ್ದ ನಾವಿಬ್ಬರೂ ಬಾಯಿಲ್ಲದವರು. ರಾಣಾ ಅಲ್ಲೇ ನಿಂತು ಹುಲ್ಲು ಮೇಯುತ್ತಿದ್ದ.

ಗಾಯ ಮಾಯಿತು, ಮನಸ್ತಾಪ ಮಾಯಲಿಲ್ಲ. ನನ್ನನ್ನೂ ರಾಣಾನನ್ನೂ ಒಂದೇ ಹೊತ್ತಿಗೆ ಬಯಲಿಗೆ ಬಿಡುವುದು ಅಂದಿಗೇ ನಿಂತಿತು. ಮೇಡಂ ನನ್ನ ಮೇವಿನ ಡಬ್ಬಕ್ಕೆ ಬೀಗ ಹಾಕಿದರು. ಅದನ್ನು ನೋಡಿ ಉತ್ತಯ್ಯನವರು ರಾಣಾನ ಜೀನನ್ನು ದಿನಾ ಕಾರಿನಲ್ಲಿ ಮನೆಗೆ ಒಯ್ಯತೊಡಗಿದರು. ಸವಾರಿ ಬಾರದವರೆಲ್ಲ ಕುದುರೆ ಸಾಕಿ ಊರವರ ಮೇಲೆ ತಪ್ಪು ಹೊರಿಸುತ್ತಾರೆ ಎಂದು ಅವರು ಉಳಿದ ಧಣಿಗಳ ಹತ್ತಿರ ಆಡಿಕೊಂಡರು. ಸುಬೇದಾರರಿಗೆ ವಯಸ್ಸಾಯಿತು, ಮರೆವು ಬಂದಿದೆ ಎಂದು ಮೇಡಂ ಹೇಳಿದರು. ಎರಡು ಮಾತೂ ಅತ್ತಿತ್ತ ಓಡಾಡಿ, ಓಡಾಡುತ್ತಾ ದೊಡ್ಡದಾದವು. ಜವರಪ್ಪ ನನ್ನ ಮೈ ಉಜ್ಜಿದರೆ ಸುಬೇದಾರರಿಗೆ ಸಿಟ್ಟು, ರಾಣಾನಿಗೆ ಮೊದಲು ಹುಲ್ಲು ಹಾಕಿದರೆ ಮೇಡಂಗೆ ಸಿಟ್ಟು. ಹಿಂದೆಲ್ಲ ನಗು ಕೇಳುತ್ತಿದ್ದ ಅಂಗಳದಲ್ಲಿ ಜನ ಬಂದು, ತಮ್ಮ ತಮ್ಮ ಕುದುರೆ ಹತ್ತಿ, ತಲೆ ತಗ್ಗಿಸಿ ಹೋಗುತ್ತಿದ್ದರು. ಮೇಡಂ ಕೈಯೂ ಬದಲಾಯಿತು. ಲಗಾಮು ಹಿಡಿದ ಆ ಬೆರಳುಗಳ ಬಿಗಿ ನನ್ನ ಬಾಯಿಗೆ ತಿಳಿಯುತ್ತಿತ್ತು.

ಕೊನೆಗೆ ಒಂದು ದಿನ ಅವರು ನನ್ನ ಕೋಣೆಯ ಬಾಗಿಲಿಗೆ ಒಂದು ಬೋರ್ಡು ತಗುಲಿಸಿದರು. "ಕಸ್ತೂರಿಯನ್ನು ಯಾರೂ ಮುಟ್ಟಬಾರದು." ನೀರನ್ನೂ ತಾವೇ ಬಕೆಟ್ಟಿನಲ್ಲಿ ತುಂಬಿಡುತ್ತೇನೆ ಎಂದರು.

ಅಮ್ಮಣ್ಣಿಯವರು ಬೋರ್ಡನ್ನು ಓದಿ, "ನಳಿನಾ, ಇದರಿಂದ ನಿನ್ನ ಕುದುರೆಗೇ ತೊಂದರೆ ಆಗಬಹುದು," ಎಂದರು.

"ನನಗೆ ಇಲ್ಲಿ ಯಾರ ಮೇಲೂ ನಂಬಿಕೆ ಇಲ್ಲ ಅಮ್ಮಣ್ಣಿ."

"ನನ್ನ ಮೇಲೆ?"

ಮೇಡಂ ಬಕೆಟ್ಟನ್ನು ಎತ್ತಿಕೊಂಡು ನೀರು ತರಲು ಹೋದರು. ಅಮ್ಮಣ್ಣಿಯವರು ಬೋರ್ಡನ್ನು ಕೀಳಲಿಲ್ಲ.

ಕಾಲೇಜಿನಲ್ಲಿ ಪರೀಕ್ಷೆಗಳು ಶುರುವಾದವು. ಮೇಡಂ ನಸುಕಿನಲ್ಲಿ ಬಂದು ಬಕೆಟ್ ತುಂಬಿಸಿ ಓಡುತ್ತಿದ್ದರು. ಆ ಬಿಸಿಲಿಗೆ ಒಂದು ಬಕೆಟ್ ನೀರು ಯಾವ ಮೂಲೆಗೆ? ಬೆಳಿಗ್ಗೆಯೇ ಖಾಲಿಯಾಗುತ್ತಿತ್ತು. ನಾನು ಖಾಲಿ ಬಕೆಟ್ಟನ್ನು ಮೂತಿಯಿಂದ ಉರುಳಿಸಿ ಸದ್ದು ಮಾಡಿದರೆ ಜವರಪ್ಪ ಬಂದು ಬೋರ್ಡು ನೋಡಿ, ಲೊಚಗುಟ್ಟಿ ಹಿಂದೆ ಹೋಗುತ್ತಿದ್ದ. ಹೀಗೆ ಒಂದೆರಡು ದಿನ ಒಣ ಹುಲ್ಲು ತಿಂದೆ. ಒಂದು ಮಧ್ಯಾಹ್ನ ಹೊಟ್ಟೆಯೊಳಗೆ ಯಾರೋ ಹಗ್ಗ ಹಾಕಿ ಬಿಗಿದಂತಾಯಿತು. ಬೆವರು ಕಿತ್ತು ಬಂತು. ನೋವು ತಾಳದೆ ಬಿದ್ದು ಹೊರಳತೊಡಗಿದೆ. ಹೊಟ್ಟೆ ನೋವಿನಲ್ಲಿ ಹೊರಳಿದರೆ ಕರುಳು ತಿರುಚಿಕೊಳ್ಳಬಹುದು. ತಿರುಚಿಕೊಂಡರೆ ಕುದುರೆ ಉಳಿಯುವುದು ಕಷ್ಟ.

ಅಮ್ಮಣ್ಣಿಯವರು ಮೈಸೂರಿಗೆ ಹೋಗಿದ್ದರು. ಮೇಡಂ ಪರೀಕ್ಷೆಯ ಕೊಠಡಿಯಲ್ಲಿ, ಫೋನು ಬಂದ್. ಅಂಗಳದಲ್ಲಿದ್ದವರು ಜವರಪ್ಪ ಮತ್ತು ಉತ್ತಯ್ಯನವರು.

"ಬಾಗಿಲು ತೆಗಿ," ಎಂದರು ಉತ್ತಯ್ಯನವರು.

"ಮೇಡಮ್ಮೋರು ಮುಟ್‌ಬ್ಯಾಡಿ ಅಂದವ್ರೆ ಸಾ. ಅದ್ರಾಗೂ ನೀವು ಅಂದ್ರೆ..."

"ಬೋರ್ಡು ನಾನೂ ಓದಿದ್ದೇನೆ. ಬೇಕಾದರೆ ನನ್ನ ಮೇಲೆ ಕಂಪ್ಲೇಂಟು ಕೊಡಲಿ. ತೆಗಿ ಬಾಗಿಲು."

ಅವರು ನನ್ನನ್ನು ಎಬ್ಬಿಸಿದ ರೀತಿ ಇನ್ನೂ ನೆನಪಿದೆ. ಹೊಡೆಯಲಿಲ್ಲ. ಕುತ್ತಿಗೆಗೆ ಭುಜ ಕೊಟ್ಟು, "ಏಳಮ್ಮ, ಏಳು," ಎಂದು ಒಂದೇ ದನಿಯಲ್ಲಿ ಹೇಳುತ್ತಾ ಹೋದರು. ಎದ್ದೆ. ಡಾಕ್ಟರಿಗೂ ಅಮ್ಮಣ್ಣಿಯವರಿಗೂ ಫೋನು ಮಾಡಿ, ಹಗ್ಗ ಹಿಡಿದು ಅಂಗಳದಲ್ಲಿ ನನ್ನನ್ನು ನಡೆಸತೊಡಗಿದರು. ಅವರ ಮಂಡಿಗೆ ಹಳೆಯ ಪೆಟ್ಟಿತ್ತು. ಕುಂಟುತ್ತಲೇ ಸುತ್ತು ಹಾಕಿದರು. ನಾನು ಮಲಗಲು ಬಾಗಿದಾಗಲೆಲ್ಲ ಅದೇ ದನಿ. ನೋವಿನ ನಡುವೆಯೂ ಆ ಹಗ್ಗದ ತುದಿಯಲ್ಲಿದ್ದ ಕೈ ನಡುಗುತ್ತಿಲ್ಲ ಎಂಬುದು ನನಗೆ ಧೈರ್ಯ ಕೊಟ್ಟಿತು. ನನ್ನನ್ನು ಉಳಿಸಿದ್ದರಲ್ಲಿ ಅರ್ಧ ಪಾಲು ಆ ಧೈರ್ಯದ್ದು.

ಬಿಸಿಲು ಇಳಿಯುವ ಹೊತ್ತಿಗೆ ನಳಿನಾಕ್ಷಿ ಮೇಡಂ ಬಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಕಂಡದ್ದು ಬೆವರಿನಲ್ಲಿ ತೊಯ್ದ ನಾನು, ನನ್ನ ಹಗ್ಗ ಹಿಡಿದ ಉತ್ತಯ್ಯನವರು.

"ಯಾರನ್ನ ಕೇಳಿ ಮುಟ್ಟಿದ್ರಿ ನನ್ನ ಕುದುರೇನ? ಏನು ಮಾಡಿದ್ರಿ ಇವಳಿಗೆ?"

ಉತ್ತಯ್ಯನವರು ನಡಿಗೆ ನಿಲ್ಲಿಸಲಿಲ್ಲ. "ಹೊಟ್ಟೆ ನೋವು. ಡಾಕ್ಟರು ದಾರಿಯಲ್ಲಿದ್ದಾರೆ. ಈ ಹಗ್ಗ ಹಿಡಿದುಕೊಳ್ಳಿ, ನನ್ನ ಕಾಲು ಸೋತಿದೆ. ಮಲಗಲು ಬಿಡಬೇಡಿ. ಬೈಯುವುದಿದ್ದರೆ ಆಮೇಲೆ ಬೈಯಿರಿ."

ಮೇಡಂ ಚೀಲವನ್ನು ಕಟ್ಟೆಯ ಮೇಲೆ ಎಸೆದರು. ಹಗ್ಗ ಹಿಡಿದುಕೊಂಡರು. ಅವರು ನಡೆಸುವಾಗ ಉತ್ತಯ್ಯನವರು ಕಟ್ಟೆಯ ಮೇಲೆ ಕುಳಿತು ಮಂಡಿ ಒತ್ತಿಕೊಂಡರು. ಮೇಡಂ ದಣಿದಾಗ ಮತ್ತೆ ಎದ್ದು ಬಂದರು. ಡಾಕ್ಟರು ಬಂದು ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ, ನೀರು ಹೊಯ್ದರು. "ನೀರು ಸಾಲದೆ ಒಣ ಹುಲ್ಲು ಕರುಳಿನಲ್ಲಿ ಕೂತುಬಿಟ್ಟಿದೆ. ನಡೆಸುತ್ತಾ ಇದ್ದದ್ದು ಒಳ್ಳೆಯದಾಯಿತು," ಎಂದರು.

ಮೇಡಂ ಖಾಲಿ ಬಕೆಟ್ಟನ್ನು ನೋಡಿದರು. ಅಷ್ಟರಲ್ಲಿ ಬಂದಿದ್ದ ಅಮ್ಮಣ್ಣಿಯವರು ಅವರ ಮುಖ ನೋಡಿ ಹೇಳಿದರು, "ಇವತ್ತು ಯಾರದು ತಪ್ಪು ಅನ್ನೋ ಮಾತು ಬೇಡ. ಕುದುರೆ ಚೇತರಿಸಿಕೊಳ್ಳಲಿ." 'ನಾನು ಅವತ್ತೇ ಹೇಳಿರಲಿಲ್ಲವೇ' ಎನ್ನುತ್ತಾರೇನೋ ಎಂದು ಕಾದಿದ್ದೆ. ಅವರು ಅನ್ನಲಿಲ್ಲ. ಅವತ್ತು ಮಾತ್ರವಲ್ಲ, ಮುಂದೆಯೂ ಎಂದೂ ಅನ್ನಲಿಲ್ಲ.

ನಾನು ಉಳಿದೆ. ಮರುದಿನ ಬೋರ್ಡು ಇರಲಿಲ್ಲ, ಮೇಡಂ ತಾವೇ ಕಿತ್ತಿದ್ದರು. ಉತ್ತಯ್ಯನವರಿಗೆ ಕೈ ಮುಗಿದು, "ನೀವು ಇಲ್ಲದಿದ್ರೆ ಇವಳು ಇರ್ತಿರಲಿಲ್ಲ," ಎಂದರು. ಆದರೂ ಗೇಟಿನ ಮಾತು ಇಬ್ಬರ ನಡುವೆ ಹಾಗೇ ಉಳಿದಿತ್ತು. ಮೇಡಂ ಋಣದಲ್ಲಿದ್ದರೇ ಹೊರತು ನಂಬಿರಲಿಲ್ಲ. ಅದು ಉತ್ತಯ್ಯನವರಿಗೂ ತಿಳಿಯಿತು. "ಉಪಕಾರ ಮಾಡಿದ ಸುಳ್ಳುಗಾರ ಅಂತ ಅನ್ನಿಸಿಕೊಳ್ಳಲು ನನಗೆ ಇಷ್ಟವಿಲ್ಲ. ರಾಣಾನನ್ನು ಬೇರೆ ಕಡೆ ಒಯ್ಯುತ್ತೇನೆ," ಎಂದು ಅಮ್ಮಣ್ಣಿಯವರಿಗೆ ಹೇಳಿದರು.

ಅಮ್ಮಣ್ಣಿಯವರು ಇಬ್ಬರನ್ನೂ ಕರೆಸಿದರು. ಉತ್ತಯ್ಯನವರು ಚಿಲಕ ಹಾಕಿದರೋ ಇಲ್ಲವೋ ಎಂದು ತೀರ್ಪು ಕೊಡಲಿಲ್ಲ.

"ಅವತ್ತು ನಾವು ಯಾರೂ ಅಲ್ಲಿರಲಿಲ್ಲ. ಕಾಣದೆ ಇದ್ದಿದ್ದನ್ನ ಇಟ್ಕೊಂಡು ಇಷ್ಟು ದಿನ ಜಗಳ ಆಡಿದ್ರಿ. ಇನ್ನು ಕೆಲವು ದಿನ ಕಂಡು ನೋಡೋಣ. ಬೆಳಿಗ್ಗೆ ಮೂವರೂ ಇಲ್ಲೇ ಕಾಫಿ ಕುಡಿಯೋಣ. ನೀವಿಬ್ರೂ ಮಾತಾಡಬೇಕಾಗಿಲ್ಲ. ಗೇಟು ನೋಡ್ತಾ ಕೂತಿದ್ರೆ ಸಾಕು. ಆಮೇಲೂ ಹೋಗಬೇಕು ಅನ್ನಿಸಿದ್ರೆ ನಾನೇ ಗಾಡಿ ತರಿಸಿಕೊಡ್ತೀನಿ ಉತ್ತಯ್ಯನೋರೆ."

ನಮ್ಮಿಬ್ಬರನ್ನೂ ಹಿಂದಿನಂತೆ ಅಕ್ಕಪಕ್ಕದ ಬಯಲುಗಳಿಗೆ ಬಿಡಿಸಿ, ಲಾಯದ ಮುಂದೆ ಗೇಟು ಕಾಣುವ ಹೊಂಗೆಯ ಮರದ ಕೆಳಗೆ ಬೆಂಚು ಹಾಕಿಸಿದರು. ಒಂದು ತುದಿಯಲ್ಲಿ ಮೇಡಂ, ಇನ್ನೊಂದು ತುದಿಯಲ್ಲಿ ಸುಬೇದಾರರು, ನಡುವೆ ಅಮ್ಮಣ್ಣಿಯವರು. ಮೊದಲ ದಿನಗಳಲ್ಲಿ ಲೋಟದ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಬೆಂಚಿನಲ್ಲಿ ಜನ ಇರುವುದಕ್ಕೋ ಏನೋ ರಾಣಾನೂ ಗೇಟಿನ ಹತ್ತಿರ ಬರಲಿಲ್ಲ. ಆಮೇಲೆ ಅವನಿಗೆ ಅವರೆಲ್ಲ ರೂಢಿಯಾದರು. ಒಂದು ಬೆಳಿಗ್ಗೆ, ಎಲ್ಲರ ಕಣ್ಣೆದುರೇ ಉತ್ತಯ್ಯನವರು ಹಾಕಿ ಬಂದ ಚಿಲಕಕ್ಕೆ ಅವನು ತುಟಿ ಕೊಟ್ಟ, ಎತ್ತಿದ, ಗೇಟು ತಳ್ಳಿದ, ಬಂದ.

ಉತ್ತಯ್ಯನವರ ಲೋಟ ಅರ್ಧದಲ್ಲಿ ನಿಂತಿತು. "ಕಳ್ಳ," ಎಂದರು ಮೆಲ್ಲಗೆ.

ನಾನು ಅವತ್ತಿನಂತೆಯೇ ತೊಟ್ಟಿಯ ಕಡೆ ಹಿಂದೆ ಸರಿದೆ. ಮೇಡಂ ಬೆಂಚು ಬಿಟ್ಟು ಓಡಿ ಬಂದು ನನ್ನ ಹಗ್ಗ ಹಿಡಿದು ನಿಲ್ಲಿಸಿದರು. ಬಗ್ಗಿ, ಮಡಚಿದ ತಗಡಿನ ಮೂಲೆಯನ್ನು ಬೆರಳಿಂದ ಮುಟ್ಟಿದರು. ಅದೇ ಎತ್ತರದಲ್ಲಿ ನನ್ನ ಕಾಲಿನ ಗಾಯದ ಗುರುತಿತ್ತು. ಎದ್ದು ಉತ್ತಯ್ಯನವರ ಎದುರು ಬಂದು ನಿಂತರು.

"ನೀವು ಚಿಲಕ ಹಾಕಿದ್ರಿ. ನಾನು ನಂಬಲಿಲ್ಲ. ನಿಮಗೆ ಮರೆವು ಅಂತ ಎಲ್ಲರ ಹತ್ತಿರ ಹೇಳಿದೆ. ತಪ್ಪಾಯ್ತು."

ಉತ್ತಯ್ಯನವರು ಎದ್ದು ನಿಂತರು. "ನಾನೂ ನಿಮ್ಮ ಬಗ್ಗೆ ಹೇಳಬಾರದ ಮಾತು ಹೇಳಿದ್ದೇನೆ ಮೇಡಂ. ಯಾರ ಯಾರ ಹತ್ತಿರ ಹೇಳಿದೆನೋ ಅವರ ಹತ್ತಿರವೇ ಹೋಗಿ ಅದು ಸುಳ್ಳು ಅಂತ ಹೇಳಿ ಬರುತ್ತೇನೆ." ಹೇಳಿದಂತೆ ಮಾಡಿದರು. ಒಬ್ಬೊಬ್ಬರ ಎದುರೂ ನೆಟ್ಟಗೆ ನಿಂತು ಹೇಳಿದರು. ಇದು ಸುಲಭದ ಕೆಲಸವಲ್ಲ. ಬಾಗದ ಬೆನ್ನಿನ ಮನುಷ್ಯನಿಗಂತೂ ಇನ್ನೂ ಕಷ್ಟ.

ಅಮ್ಮಣ್ಣಿಯವರು ಜವರಪ್ಪನಿಂದ ತಗಡು ಕೀಳಿಸಿದರು, ಚಿಲಕಕ್ಕೆ ಒಂದು ಸರಪಳಿ ಸೇರಿಸಿದರು. ಬೆಂಚನ್ನು ಮಾತ್ರ ತೆಗೆಸಲಿಲ್ಲ.

ಅದಾಗಿ ಬಹಳ ವರ್ಷಗಳಾದವು. ಈಗ ನನಗೆ ಮುಪ್ಪು. ಬೆನ್ನು ಬಗ್ಗಿದೆ, ಹಲ್ಲು ಸವೆದಿದೆ, ಜೀನು ಹೊರುವ ಕೆಲಸವಿಲ್ಲ. ಲಾಯದ ಹಿಂಬದಿಯಲ್ಲಿ, ಮಧ್ಯಾಹ್ನದ ನೆರಳು ಬೀಳುವ ಒಂದು ಕೋಣೆ ನನ್ನದು. ರಾಣಾ ಹೋದ ಮಳೆಗಾಲದಲ್ಲಿ ತೀರಿಕೊಂಡ. ಅವನನ್ನು ಮಣ್ಣು ಮಾಡಿದ ಮೇಲೆ ಉತ್ತಯ್ಯನವರು ಲಾಯದ ಕಡೆ ಬರುವುದನ್ನೇ ಬಿಟ್ಟರು. ಕುದುರೆ ಇಲ್ಲದವನಿಗೆ ಅಲ್ಲೇನು ಕೆಲಸ ಎಂದರಂತೆ. ಮೇಡಂ ಅವರ ಮನೆಗೆ ಹೋದರು. ಅಲ್ಲಿ ನಡೆದ ಮಾತನ್ನು ಮೇಡಂ ನನ್ನ ಮೈ ತಿಕ್ಕುತ್ತಾ ಅಮ್ಮಣ್ಣಿಯವರಿಗೆ ಹೇಳುವಾಗ ಕೇಳಿಸಿಕೊಂಡೆ.

"ಕಸ್ತೂರಿಗೆ ಹುಲ್ಲು ಜಗಿಯೋಕೆ ಆಗಲ್ಲ, ಬೂಸಾ ನೆನೆಸಿ ತಿನ್ನಿಸಬೇಕು, ಬೆಳಿಗ್ಗೆ ಹೊತ್ತು ನನಗೆ ಕಾಲೇಜು ಅಂದೆ. ಜವರಪ್ಪ ಇದ್ದಾನಲ್ಲ ಅಂದ್ರು. ಇದ್ದಾನೆ, ಆದ್ರೆ ನಾನು ಇಲ್ಲದಾಗ ಅವಳನ್ನ ನಿಮ್ಮ ಕೈಲಿ ಬಿಟ್ಟಿದ್ರೆ ನನಗೆ ನಿಶ್ಚಿಂತೆ ಅಂದೆ. ಅಷ್ಟೇ ಅಮ್ಮಣ್ಣಿ, ಒಳಗೆ ಹೋಗಿ ಬೂಟು ಹಾಕ್ಕೊಂಡು ಬಂದ್ರು."

ಮನುಷ್ಯರ ಬಗ್ಗೆ ಏನು ಹೇಳುತ್ತೀಯ ಎಂದು ಯಾರಾದರೂ ನನ್ನನ್ನು ಕೇಳಿದರೆ ಆ ಬೂಟಿನ ಸಂಗತಿ ಹೇಳುತ್ತೇನೆ. ಅವರು ಬೇಗ ಮುನಿಯುತ್ತಾರೆ, ಕಾಣದ್ದನ್ನು ಕಂಡೆವು ಎನ್ನುತ್ತಾರೆ. ಆದರೆ ಕೆಟ್ಟದ್ದನ್ನು ಸರಿಪಡಿಸಲು ಎದ್ದು ಬರುವುದನ್ನೂ ಬಲ್ಲರು. ನಾನು ಹೊತ್ತ ಜನರಲ್ಲಿ, ನನ್ನನ್ನು ನಡೆಸಿದವರಲ್ಲಿ ಅಂಥವರು ಸಿಕ್ಕಿದ್ದು ನನ್ನ ಭಾಗ್ಯ.

ಅಗೋ, ಕುಂಟುವ ಹೆಜ್ಜೆಯ ಸದ್ದು ಬಂತು. ಉತ್ತಯ್ಯನವರು ನೆನೆಸಿದ ಬೂಸಾದ ಬಟ್ಟಲನ್ನು ನನ್ನ ಮೂತಿಗೆ ಹಿಡಿಯುತ್ತಾರೆ. ನಾನು ನಿಧಾನವಾಗಿ ತಿನ್ನುತ್ತೇನೆ. ಅವರಿಗೂ ಅವಸರವಿಲ್ಲ.