ಒಂದೊಂದು ಹೆಜ್ಜೆ ಒಳಗೆ

ಮೂರನೆಯ ಕೋಳಿಯ ತುಂಡುಗಳನ್ನು ಮಜ್ಜಿಗೆಯಿಂದ ತೆಗೆದು ಹಿಟ್ಟಿನಲ್ಲಿ ಹೊರಳಿಸುತ್ತಿದ್ದಾಗ ಆರ್ಲೀನಳ ಸೊಂಟ ಮತ್ತೆ ಹಿಡಿದುಕೊಂಡಿತು. ಅಡುಗೆಕಟ್ಟೆಗೆ ಒರಗಿ ನಿಂತು ಉಸಿರು ಬಿಟ್ಟಳು. ಇನ್ನೂ ಎರಡು ಕೋಳಿ ಬಾಕಿಯಿದ್ದವು. ಆಲೂಗಡ್ಡೆ ಬೇಯಬೇಕು, ಜೋಳದ ಬ್ರೆಡ್ಡು ಇನ್ನೂ ಕಲಸಿಯೇ ಇಲ್ಲ.

ಗುರುವಾರ ಸಂಜೆ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಹುಡುಗರಿಗೆ ಕೋಚ್‌ಗಳ ಮನೆಗಳಲ್ಲಿ ಊಟ. ಹೆಂಡಿರು ಹುಡುಗರನ್ನು ತಮ್ಮಲ್ಲೇ ಹಂಚಿಕೊಂಡಿರುತ್ತಾರೆ. ಚೆಂಡು ಅವುಚಿಕೊಂಡು ಓಡುವ ಸಪೂರ ಹುಡುಗರು ಯಾರದೋ ಪಾಲಿಗೆ ಬರುತ್ತಾರೆ. ಆರ್ಲೀನಳ ಗಂಡ ರೋಯ್ಸ್, ಎದುರಾಳಿಯ ಓಟವನ್ನು ತಡೆಯುವ ಆಟಗಾರರ ಕೋಚ್. ಎದುರಾಳಿಗೆ ಎದೆಗೊಟ್ಟು ನಿಲ್ಲುವ ಮುಂದಿನ ಸಾಲಿನ ದೈತ್ಯರು ಅವಳ ಪಾಲು. ಟೆನೆಸ್ಸಿಯಲ್ಲಿ ಹೀಗೇ ಇತ್ತು, ಜಾರ್ಜಿಯಾದಲ್ಲೂ, ಈಗ ಮಿಸಿಸಿಪ್ಪಿಯ ಈ ಊರಿನಲ್ಲೂ. ತಂಡ ಸೋತಾಗಲೆಲ್ಲ ಊರು ಬದಲಾಗಿತ್ತು, ಒಲೆ ಬದಲಾಗಿತ್ತು. ಕಬ್ಬಿಣದ ಬಾಣಲೆ ಮಾತ್ರ ಅದೇ.

ಹಿತ್ತಲ ಜಾಲರಿ ಬಾಗಿಲು ಬಡಿಯಿತು. ರೋಯ್ಸ್ ಒಳಬಂದು ಟೋಪಿ ತೆಗೆಯದೆ ಕುರ್ಚಿಯಲ್ಲಿ ಕುಸಿದ.

"ಇಷ್ಟು ಬೇಗ?"

"ಹುಡುಗರು ಸ್ನಾನ ಮಾಡ್ತಿದಾರೆ. ನಿನಗೊಂದು ವಿಷಯ ಹೇಳಬೇಕಿತ್ತು." ಅವನು ಸುಲಿದಿಟ್ಟ ಬೀನ್ಸ್ ಕಾಳಿನ ಬೋಗುಣಿಗೆ ಕೈ ಹಾಕಿದ.

"ಕೈ ತೆಗಿ ಅದರಿಂದ. ಈಗ ತೊಳೆದಿಟ್ಟಿದೀನಿ."

ಕೇಳಿಸಿಕೊಳ್ಳಲಿಲ್ಲ. ಮೇಜಿನ ಮೇಲೆ ಕಾಳುಗಳನ್ನು ಮೂರು ಸಾಲಾಗಿ ಜೋಡಿಸಿದ. "ನೋಡು. ಹಿಂದಿನ ಸಾಲಿಗೆ ಹೊಸದಾಗಿ ಇಬ್ಬರು ಬರ್ತಿದಾರೆ. ಜಿಂಕೆಗಳು! ಅವರು ಬಂದರೆ, ಈಗ ಅಲ್ಲಿರೋರು ಒಂದು ಹೆಜ್ಜೆ ಒಳಗೆ, ನಡು ಸಾಲಿಗೆ. ನಡು ಸಾಲಿನೋರು ಮುಂದಿನ ಸಾಲಿನ ಅಂಚಿಗೆ. ಅಂಚಿನೋರು ಮಧ್ಯಕ್ಕೆ. ಎಲ್ಲಾ ಜಾಗದಲ್ಲೂ ಮೊದಲಿದ್ದವನಿಗಿಂತ ಚುರುಕಾದವನು ನಿಂತಿರ್ತಾನೆ."

"ಮಧ್ಯದಲ್ಲಿದ್ದವನು?"

ರೋಯ್ಸ್ ಒಂದು ಕಾಳನ್ನು ಬೆರಳಿನಿಂದ ಸಾಲಿನಾಚೆಗೆ ಸರಿಸಿದ. "ಒರೆನ್," ಎಂದ.

ಬಾಣಲೆಯ ಎಣ್ಣೆ ಕಾದು ಹೊಗೆಯಾಡುತ್ತಿತ್ತು. ಆರ್ಲೀನ್ ಉರಿ ತಗ್ಗಿಸಿದಳು.

"ಕಳೆದ ಸಲ ಕೊನೇ ಮ್ಯಾಚು ಯಾಕೆ ಸೋತೆವು ಹೇಳು," ಎಂದ ರೋಯ್ಸ್, ಅವಳು ಏನೂ ಕೇಳದಿದ್ದರೂ. "ಅವರು ಏನಾಡ್ತಾರೇಂತ ನಮ್ಮೋರಿಗೆ ಗೊತ್ತಿತ್ತು. ಹನ್ನೊಂದೂ ಜನ ಸರಿಯಾದ ಕಡೆಗೇ ಓಡಿದರು. ಹೋಗಿ ಮುಟ್ಟೋ ಹೊತ್ತಿಗೆ ಚೆಂಡು ಅಲ್ಲಿರಲಿಲ್ಲ. ಮಿಕ್ಕಿದ್ದೆಲ್ಲ ಕಲಿಸ್ತೀನಿ ಆರ್ಲೀನ್, ಓಟ ಕಲಿಸೋಕಾಗಲ್ಲ. ಒಬ್ಬನೋ ಇಬ್ಬರೋ ಓಡಿದರೂ ಸಾಲದು. ಇಡೀ ತಂಡ ಒಟ್ಟಿಗೆ ಹೋಗಿ ಮುಟ್ಟಬೇಕು. ಈ ಸಲ ಅದಾಗಲಿಲ್ಲ ಅಂದರೆ ನಮ್ಮ ಗಂಟುಮೂಟೆ ಕಟ್ಟಿದ ಹಾಗೇ."

ಅವನು ಹೇಳುವುದು ಸರಿ ಎಂದು ಅವಳಿಗೆ ಗೊತ್ತಿತ್ತು. ಅದೇ ಆಯಾಸದ ಸಂಗತಿ. ತಪ್ಪಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

"ಅವನಿಗೆ ಹೇಳಿದೆಯಾ?"

"ಸೋಮವಾರ ಹೇಳ್ತೀನಿ. ಶನಿವಾರ ಮಧ್ಯಾಹ್ನ ನಮ್ಮ ನಮ್ಮಲ್ಲೇ ಎರಡು ಪಂಗಡ ಮಾಡಿ ಆಡೋ ಪಂದ್ಯ ಇದೆಯಲ್ಲ, ಊರಿಗೆ ಊರೇ ಬರತ್ತೆ. ಮಧ್ಯದಲ್ಲಿ ನಿಲ್ಲಿಸೋಕೆ ಅವನಷ್ಟು ಗಟ್ಟಿ ಮೈ ನನ್ನ ಹತ್ತಿರ ಬೇರೆ ಇಲ್ಲ. ಅದೊಂದು ಮುಗೀಲಿ. ಮುಂದಿನ ವರ್ಷಕ್ಕೆ ಅವನಿಗೆ ತಂಡದಲ್ಲಿ ಜಾಗ ಇಲ್ಲ, ಅದರ ಜೊತೆ ಬರೋ ವಿದ್ಯಾರ್ಥಿವೇತನಾನೂ ಇಲ್ಲ. ನೀನು ಇವತ್ತು ಬಾಯಿ ಬಿಡಬೇಡ, ಅಷ್ಟೇ."

ಅವನು ಹುಡುಗರನ್ನು ಕರೆತರಲು ಹೊರಟುಹೋದ. ಆರ್ಲೀನ್ ಮೇಜಿನ ಮೇಲಿನ ಕಾಳುಗಳನ್ನು ಬಳಿದು ಮತ್ತೆ ತೊಳೆದಳು.

ಮೂರು ವರ್ಷದ ಹಿಂದೆ ಒರೆನ್ ಬಂದಾಗ ಅವನ ಅಂಗಿಯೊಳಗೆ ಗಾಳಿ ಆಡುತ್ತಿತ್ತು. ನಡು ಸಾಲಿನಲ್ಲಿ ನಿಂತು ಅಡ್ಡಡ್ಡ ಓಡುವ ಹುಡುಗ. ಆಗಲೂ ತಂಡಕ್ಕೆ ವೇಗ ಬೇಕಾಗಿತ್ತು. ಅವನಿಗಿಂತ ಚುರುಕಾದವನೊಬ್ಬ ಸಿಕ್ಕಿದ, ಒರೆನ್ ಒಂದು ಹೆಜ್ಜೆ ಒಳಗೆ ಸರಿದ. ಮರುವರ್ಷ ಇನ್ನೊಂದು ಹೆಜ್ಜೆ. ಮಧ್ಯದಲ್ಲಿ ನಿಲ್ಲುವವನಿಗೆ ತೂಕ ಬೇಕು. "ಇವನಿಗೆ ಚೆನ್ನಾಗಿ ತಿನ್ನಿಸು," ಎಂದಿದ್ದ ರೋಯ್ಸ್. ಅವಳು ತಿನ್ನಿಸಿದ್ದಳು. ಗುರುವಾರವಲ್ಲದ ದಿನವೂ ಬುತ್ತಿ ಕಟ್ಟಿ ಹಾಸ್ಟೆಲಿಗೆ ಕಳಿಸಿದ್ದಳು. ಹುಡುಗನ ಓಟ ಹೋದದ್ದು ಈ ಮೇಜಿನ ಮುಂದೆ, ಅವಳ ಕೈಯಡುಗೆಯಲ್ಲಿ. ಈಗ ಓಟವಿಲ್ಲವೆಂದು ಅವನನ್ನು ಕಳಿಸುತ್ತಿದ್ದರು.

ಗೋಡೆಯ ಫೋನು ಹೊಡೆದುಕೊಂಡಿತು. ಹಿಟ್ಟಿನ ಕೈಯಲ್ಲೇ ಎತ್ತಿ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

"ಮಿಸ್ ಆರ್ಲೀನ್? ನಾನು ವಿಲ್ಲಡೀನ್, ಒರೆನ್ ತಾಯಿ. ಕೆಲಸದಲ್ಲಿದೀರೇನೋ, ತೊಂದರೆ ಕೊಟ್ಟೆ." ಆ ಸೀಮೆಯಲ್ಲಿ ಮದುವೆಯಾದ ಹೆಂಗಸರನ್ನೂ ಮರ್ಯಾದೆಗೆ ಮಿಸ್ ಎಂದೇ ಕರೆಯುವುದು.

"ಏನಿಲ್ಲ ಮಿಸ್ ವಿಲ್ಲಡೀನ್. ನಿಮ್ಮ ಮಗನಿಗೇ ಕೋಳಿ ಕರೀತಿದೀನಿ."

"ಅಯ್ಯೋ, ಬಾಣಲೇನ ಅವನ ಕೈಗೆಟುಕದ ಹಾಗೆ ಇಡಿ ಮತ್ತೆ. ಅದನ್ನೂ ತಿಂದಾನು." ನಕ್ಕಳು. ಆಮೇಲೆ ದನಿ ಇಳಿಸಿದಳು. "ಒಂದು ಮಾತು ಕೇಳಬೇಕಿತ್ತು. ಹೊಳೆಯಾಚೆ ಆರ್ಕನ್ಸಾದಿಂದ ಒಬ್ಬ ಕೋಚು ಫೋನ್ ಮಾಡಿದ್ದ. ಸಣ್ಣ ಕಾಲೇಜಂತೆ. ಒರೆನ್ ಬಂದರೆ ಅವನು ಮೊದಲು ಆಡ್ತಿದ್ದ ಜಾಗವನ್ನೇ ಕೊಡ್ತೀವಿ, ಓದು ಮುಗಿಯೋವರೆಗೂ ಖರ್ಚೆಲ್ಲ ನಮ್ಮದೇ ಅಂದ. ಒಂದೇ ಜಾಗ ಇರೋದಂತೆ. ಶನಿವಾರ ಬೆಳಿಗ್ಗೆಯೊಳಗೆ ಹೇಳಬೇಕಂತೆ."

"ಒರೆನ್ ಏನಂತಾನೆ?"

"ಅವನಿಗೆ ಹೇಳೇ ಇಲ್ಲ. ಹೇಳಿದರೆ ನನ್ನ ಮೇಲೇ ರೇಗ್ತಾನೆ, ಕೋಚ್ ರೋಯ್ಸ್ ಅಂದರೆ ಅವನಿಗೆ ಅಷ್ಟು. ಬೇಡಾಂತಲೇ ಹೇಳಿಬಿಡೋಣ ಅಂತಿದೀನಿ. ಅವನನ್ನ ತಂಡಕ್ಕೆ ಕೇಳೋಕೆ ಬಂದಾಗ ನೀವು ನಮ್ಮ ಜಗಲೀಲಿ ಕೂತು ಹೇಳಿದ್ದಿರಲ್ಲ, ಡಿಗ್ರಿ ಕೈಗೆ ಬರೋವರೆಗೂ ಇವನು ನಮ್ಮ ಮಗ ಅಂತ. ಅದಕ್ಕೇ ನಿಮ್ಮನ್ನೊಂದು ಮಾತು ಕೇಳಿ ಆಮೇಲೆ..."

ಎಣ್ಣೆ ಸಿಡಿಯಿತು. "ಒಲೆ ಮೇಲೆ ಇಟ್ಟು ಬಂದಿದೀನಿ," ಎಂದಳು ಆರ್ಲೀನ್. "ಇವತ್ತು ಅವನಿಗೆ ಏನೂ ಹೇಳೋಕೆ ಹೋಗಬೇಡಿ. ನಾನೇ ಮಾಡ್ತೀನಿ ಫೋನು."

"ಆಗಲಿ. ನಾಳೆ ಮಾಡಿದರೂ ಆದೀತು," ಎಂದಳು ಆ ತಾಯಿ.

ಬಿಸಿಲಿರುವಾಗಲೇ ಅವಳ ಪಾಲಿನ ಐವರು ಹುಡುಗರು ಬಂದರು. ಬಾಗಿಲಲ್ಲಿ ಬೂಟು ಬಿಚ್ಚಿ, "ನಮಸ್ಕಾರ ಮಿಸ್ ಆರ್ಲೀನ್" ಎಂದು ತಲೆ ತಗ್ಗಿಸಿ ಒಳಬಂದರು. ರೋಯ್ಸ್ ಕಣ್ಣುಮುಚ್ಚಿ ದೇವರಿಗೆ ಕೃತಜ್ಞತೆ ಹೇಳುವಷ್ಟೂ ಹೊತ್ತು ತಡೆದುಕೊಂಡಿದ್ದು, ಆಮೇಲೆ ಕೋಳಿಯ ತಟ್ಟೆಯ ಮೇಲೆ ಬಿದ್ದರು.

"ಒರೆನ್, ಬ್ರೆಡ್ಡು ಈ ಕಡೆ ತಳ್ಳೋ. ತಳ್ಳೋದಾದರೂ ಬೇಗ ಬರತ್ತಾ ನಿನಗೆ?" ಎಂದ ಕೆಂಪು ಕೂದಲಿನ ಥೇಯರ್.

"ನಿನ್ನೆ ಓಡಿದ್ದು ನೋಡಿದೆಯಾ ಇವನು? ಕೋಚು ಗಡಿಯಾರ ಬಿಟ್ಟು ಕ್ಯಾಲೆಂಡರ್ ಹಿಡಿದುಕೊಂಡರು," ಎಂದ ಇನ್ನೊಬ್ಬ.

"ನಗ್ರಪ್ಪ, ನಗ್ರಿ," ಎಂದ ಒರೆನ್. "ಶನಿವಾರ ನನ್ನ ಎದುರು ನಿಲ್ತೀಯಲ್ಲ ಥೇಯರ್, ಬಿದ್ದಲ್ಲಿಂದ ಏಳೋಕೆ ಎಷ್ಟು ಹೊತ್ತು ಬೇಕೂಂತ ಅದೇ ಗಡಿಯಾರದಲ್ಲಿ ನೋಡೋಣ."

ಮೇಜೆಲ್ಲ ನಕ್ಕಿತು. ಆರ್ಲೀನ್ ಇನ್ನೊಂದು ಸುತ್ತು ಬಡಿಸುತ್ತ ಬಂದಳು. ಒರೆನ್ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟ.

"ಸಾಕು ಮಿಸ್ ಆರ್ಲೀನ್."

"ಇದೇನಿದು? ಹುಷಾರಿಲ್ವಾ?"

"ತೂಕ ಇಳಿಸ್ತಿದೀನಿ." ನಾಚಿಕೊಂಡ. ಆಮೇಲೆ ರೋಯ್ಸ್ ಕಡೆ ತಿರುಗಿ, "ಬೆಳಗಿನ ಜಾವ ಎದ್ದು ಸ್ಟೇಡಿಯಮ್ಮಿನ ಮೆಟ್ಟಿಲು ಹತ್ತಿ ಇಳೀತಿದೀನಿ ಕೋಚ್. ಯಾರಿಗೂ ಹೇಳಿರಲಿಲ್ಲ. ಆಗಸ್ಟಿನಲ್ಲಿ ಪಂದ್ಯಗಳು ಶುರುವಾಗೋದರೊಳಗೆ ಮೊದಲಿನ ಹಾಗೆ ಆಗ್ತೀನಿ, ನೋಡ್ತಿರಿ," ಎಂದ.

ರೋಯ್ಸ್ ಎಲುಬೊಂದನ್ನು ನಿಧಾನವಾಗಿ ತಟ್ಟೆಯ ಅಂಚಿಗೆ ಇಟ್ಟ. ತಲೆ ಎತ್ತಲಿಲ್ಲ.

"ಒಳ್ಳೇದು ಮಗನೇ," ಎಂದ. "ಬಿಡಬೇಡ."

ಆರ್ಲೀನ್ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ರೋಯ್ಸ್ ಕೆಟ್ಟವನಲ್ಲ; ಇಪ್ಪತ್ತು ವರ್ಷ ಜೊತೆಗಿದ್ದವಳಿಗೆ ಅದು ಗೊತ್ತಿತ್ತು. ಹುಡುಗರ ತಾಯಂದಿರ ಹೆಸರೆಲ್ಲ ಅವನಿಗೆ ಬಾಯಿಗೆ ಬರುತ್ತಿತ್ತು. ಆದರೂ "ಬಿಡಬೇಡ" ಎಂದಿದ್ದ. ಅದೂ ಎಷ್ಟು ಸಲೀಸಾಗಿ. ಆ ಸಲೀಸು ತನ್ನ ದನಿಯಲ್ಲೂ ಇದ್ದಿರಬೇಕು, ಒಬ್ಬೊಬ್ಬ ತಾಯಿಯ ಜಗಲಿಯಲ್ಲಿ ಕೂತು ಮಾತು ಕೊಡುವಾಗ, ಎನಿಸಿತು.

ಹುಡುಗರು ಹೋದಮೇಲೆ ರೋಯ್ಸ್ ಟಿವಿಗೆ ಕ್ಯಾಸೆಟ್ ಹಾಕಿಕೊಂಡು ಕೂತ. ಅದೇ ಸೋತ ಪಂದ್ಯ. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಕೈಯೊರೆಸುತ್ತ ಬಂದ ಆರ್ಲೀನ್ ಬಾಗಿಲಲ್ಲಿ ನಿಂತು ನೋಡಿದಳು. ಚೆಂಡು ಹಿಡಿದವನು ಅಂಚಿಗೆ ಹಾರಿಹೋಗುತ್ತಿದ್ದ. ಎಲ್ಲರಿಗಿಂತ ಮೊದಲು ಆ ಕಡೆಗೆ ತಿರುಗಿದವನು ಒರೆನ್. ಎಲ್ಲರಿಗಿಂತ ಕೊನೆಗೆ ಮುಟ್ಟಿದವನೂ ಅವನೇ.

"ಏನಾದರೂ ಹೇಳಿದೆಯಾ ಅವನಿಗೆ?" ಕಣ್ಣು ಪರದೆಯಿಂದ ಕೀಳದೆ ಕೇಳಿದ.

"ಇಲ್ಲ."

"ಒಳ್ಳೇದಾಯ್ತು." ಟೋಪಿ ತೆಗೆದು ಹಣೆ ಉಜ್ಜಿಕೊಂಡ. ಅವನ ಮುಖವೂ ಬಸವಳಿದಿತ್ತು. "ಈ ಸಲ ಇಲ್ಲೇ ಉಳೀತೀವಿ ಆರ್ಲೀನ್. ಆ ಇಬ್ಬರು ಬಂದರೆ ಉಳೀತೀವಿ."

ಉಳಿಯಬಹುದು. ಒರೆನ್ ಹೊರಟುಹೋದರೆ ಶನಿವಾರ ಮಧ್ಯದಲ್ಲಿ ನಿಲ್ಲುವವನಿಲ್ಲದೆ ರೋಯ್ಸ್ ಊರೆದುರು ಮುಜುಗರಪಡುವನು. ಯಾರು ಹೇಳಿದರೆಂದು ಒಂದು ವಾರ ಕೇಳುವನು. ಅವಳು ಹೇಳುವುದಿಲ್ಲ. ವಿಲ್ಲಡೀನ್ ಕೆಲಸ ಮಾಡುವ ಶಾಲೆಯ ಅಡುಗೆಮನೆ ಬೆಳಕು ಹರಿಯುವ ಮೊದಲೇ ತೆರೆಯುತ್ತದೆ. ನಾಳೆ ಆ ಹೊತ್ತಿಗೆ ರೋಯ್ಸ್ ಮೈದಾನಕ್ಕೆ ಹೊರಟಿರುತ್ತಾನೆ. ಫೋನಿನಲ್ಲಿ ಹೆಚ್ಚು ಮಾತೇನೂ ಬೇಕಾಗಿಲ್ಲ. ಆರ್ಕನ್ಸಾಗೆ ಹೂಂ ಅನ್ನಿ, ಇವತ್ತೇ ಅನ್ನಿ.

"ಏನು ಯೋಚನೆ?" ಎಂದ ರೋಯ್ಸ್.

"ಏನಿಲ್ಲ. ಕಾಲು ನೋಯ್ತಿದೆ," ಎಂದು ಅವಳು ಅಡುಗೆಮನೆಯ ದೀಪ ಆರಿಸಲು ಹೋದಳು.