ಹಕ್ಕಿ ಮೇಲೆ, ತಾಟೆ ಕೆಳಗೆ

ನಾನು ಗಂಗೊಳ್ಳಿಯ ಒಂದು ಮೀನುದೋಣಿ. ಹೆಬ್ಬಲಸಿನ ಹಲಗೆ ಜೋಡಿಸಿ ನನ್ನನ್ನು ಕಟ್ಟಿದರು. ಹುಳ ಹಿಡಿಯದಿರಲೆಂದು ನನ್ನ ಯಜಮಾನ ಕುಷ್ಟ ಮೊಗವೀರ ನನ್ನ ಹೊಟ್ಟೆಗೆಲ್ಲ ತಾಟೆಯ ಎಣ್ಣೆ ಬಳಿದ. ತಾಟೆಯೆಂದರೆ ಶಾರ್ಕ್. ನನಗೆ ಮೂಗಿಲ್ಲ, ಆದರೂ ಆ ನಾತಕ್ಕೆ ಅಂದೇ ಜೀವ ನಡುಗಿತು.

ಕಡಲಹಕ್ಕಿ ಹಾಗಲ್ಲ. ಗಲಾಟೆ ಮಾಡುತ್ತ ಬರುತ್ತದೆ, ಕಣ್ಣೆದುರೇ ಧುಮುಕಿ ಪುಟ್ಟ ಮೀನು ಕಚ್ಚಿಕೊಂಡು ಹೋಗುತ್ತದೆ. ತಾಟೆಗೆ ಸದ್ದೇ ಇಲ್ಲ. ಅದು ಬರುವುದು ಕೆಳಗಿನಿಂದ, ಮೊದಲು ತಿಳಿಯುವುದು ನನ್ನ ಹೊಟ್ಟೆಗೆ. ಕುಷ್ಟ ಹಕ್ಕಿಯನ್ನು ನಂಬುತ್ತಿದ್ದ, ತಾಟೆಯ ಹೆಸರೆತ್ತಿದರೆ ಉಗುಳುತ್ತಿದ್ದ.

ಒಂದು ಬೆಳಿಗ್ಗೆ ಅವನ ತಂಗಿ ಗಿರಿಜಿಯ ಗಂಡ ಬಚ್ಚ ಜೊತೆಗಿದ್ದ. ಹಕ್ಕಿಗಳು ದಂಡುದಂಡಾಗಿ ಬೀಳುತ್ತಿದ್ದ ಕಡೆ ಬಲೆ ಬಿಟ್ಟರು. ಬಲೆ ಕಲ್ಲಿಗೆ ಸಿಕ್ಕಿಕೊಂಡಿತು.

"ನಾ ಇಳಿತೆ ಬಾವ. ನೀವ್ ದೋಣಿ ಇಲ್ಲೇ ಇಟ್ಕಣಿ" ಎಂದು ಬಚ್ಚ ಮುಳುಗಿದ.

ಒಬ್ಬ ನೀರಿನಲ್ಲಿರುವಾಗ ಇನ್ನೊಬ್ಬ ದೋಣಿ ಕದಲಿಸಬಾರದು. ಅದು ಅವರ ಕಟ್ಟಳೆ.

ಅಷ್ಟರಲ್ಲಿ ನನ್ನ ಹೊಟ್ಟೆಯ ಕೆಳಗಿನ ನೀರು ತಣ್ಣಗಾಯಿತು. ನನಗಿಂತ ಉದ್ದದ ನೆರಳೊಂದು ಸರಿಯಿತು. ಪಕ್ಕದಲ್ಲೇ ತಾಟೆಯ ಬೆನ್ನಿನ ಈಜುರೆಕ್ಕೆ ಎದ್ದಿತು. ಹೆದರಿಕೆಯಿಂದ ನನ್ನ ಹಲಗೆಗಳೆಲ್ಲ ಬಿಗಿದುಕೊಂಡವು. ಬಚ್ಚ ಇನ್ನೂ ಕೆಳಗಿದ್ದ. ಕುಷ್ಟನ ಕೈ ಹುಟ್ಟಿಗೆ ಹೋಯಿತು. ಅವನು ದಡದ ಕಡೆಗೆ ಹುಟ್ಟು ಹಾಕಿದ. ಬೇಡ ಎನ್ನಲು ನನಗೆ ಬಾಯಿಲ್ಲ.

ಬಚ್ಚ ಮೇಲೆ ಬಂದಾಗ ನಾನು ದೂರದಲ್ಲಿದ್ದೆ. ಅವನಿಗೂ ನನಗೂ ನಡುವೆ ಆ ತಾಟೆ. ಮೈತುಂಬ ಬಿಳಿ ಚುಕ್ಕೆ, ಬಾಯಿ ಅಗಲಕ್ಕೆ ತೆರೆದಿತ್ತು. ಅದು ನುಂಗುತ್ತಿದ್ದದ್ದು ಹಕ್ಕಿಗಳು ಹೆಕ್ಕುತ್ತಿದ್ದ ಅದೇ ಪುಟ್ಟ ಮೀನುಗಳನ್ನು. ಬಚ್ಚನನ್ನು ಮೂಸಿಯೂ ನೋಡದೆ ಅದು ತನ್ನ ಪಾಡಿಗೆ ಹೋಯಿತು. ಆಮೇಲೆಯೇ ಕುಷ್ಟ ನನ್ನನ್ನು ಹಿಂದಕ್ಕೆ ತಿರುಗಿಸಿದ್ದು. ಬಚ್ಚ ಹತ್ತಿ ಕುಳಿತ.

ಮರುದಿನದಿಂದ ಬಚ್ಚ ನನ್ನನ್ನು ಹತ್ತಲಿಲ್ಲ. ಈಗ ನಾನು ಮರಳಿನ ಮೇಲೆ ಮಗುಚಿ ಬಿದ್ದ ಮುದಿ ದೋಣಿ. ಬಚ್ಚ ಆಚೆ ಕುಳಿತು ಬೇರೆಯವರ ಬಲೆ ಹೆಣೆಯುತ್ತಾನೆ. ಅಷ್ಟು ವರ್ಷ ತಾಟೆಗೆ ಹೆದರಿದವಳು ನಾನು, ಆದರೆ ತಾಟೆ ಯಾರನ್ನೂ ಬಿಟ್ಟು ಓಡಲಿಲ್ಲ.

ಗಂಡನನ್ನು ಕೇಳಿ ಕೇಳಿ ಸೋತ ಗಿರಿಜಿ ಮೊನ್ನೆ ಬಂದು ಕುಷ್ಟನನ್ನು ಕೇಳಿದಳು: "ಅಣ್ಣ, ಇವ್ರ್ ಎಂತಕ್ಕೆ ಕಡಲಿಗೆ ಹೋಪುದ್ ಬಿಟ್ರ್?"

"ತಾಟಿ ಕಂಡ್ ಹೆದ್ರಿದ, ಮಾರಾಯ್ತಿ" ಎಂದ ಕುಷ್ಟ.

ಮಾತು ಬಚ್ಚನಿಗೂ ಕೇಳಿಸಿತು. ಅವನು ಒಮ್ಮೆ ತಲೆಯೆತ್ತಿ ಹೆಂಡತಿಯನ್ನು ನೋಡಿ, "ಹೌದ್, ಹೆದ್ರಿದೆ" ಎಂದ.